ಕನ್ನಡ ಚಲಚ್ಚಿತ್ರದಲ್ಲಿ ಪರಪ್ರಾಂತ ಸಹಯೋಗವೂ ಗುಣವಿಚಾರವೂ

ಬಂಗಾರಪೇಟೆಯಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಕಾಮಸಮುದ್ರವನ್ನು ದಾಟಿದರೆ ಆಂಧ್ರದ ಸೀಮೆ ಬರುವುದು. ತಮಿಳುನಾಡಿನ ಎಲ್ಲೆಯೂ ದೂರವಿಲ್ಲ. ಈ ಪ್ರಾಂತದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವುವು. ನೆರೆಯ ಕೋಲಾರದ ಚಿನ್ನದ ಗಣಿಗಳಾದರೋ ಜಾನ್ ಟೇಲರ್ ಕಂಪನಿಯ ಆಡಳಿತ, ತಮಿಳು ತೆಲುಗು ಸೀಮೆಗಳಿಂದ ಬಂದವರ ದುಡಿಮೆ, 1902ರಲ್ಲಿ ಶಿವನಸಮುದ್ರದಿಂದ ಹರಿದುಬಂದ ವಿದ್ಯುಚ್ಛಕ್ತಿ ಇವುಗಳ ಕೂಟದಿಂದ ಬೆಳೆದುವು. ಇಂತಹ ನೆಲದಲ್ಲಿರುವವನಿಗೆ ಒಂದು ಪ್ರಶ್ನೆ ಸಹಜವಾಗಿ ಹುಟ್ಟುವುದು: ಹೊರನಾಡಿನವರ ನೆರವಿನಿಂದ ಕನ್ನಡ ಚಲಚ್ಚಿತ್ರದ ಗುಣವು ಹೆಚ್ಚಿತೆ, ಕುಂದಿತೆ?

ಈ ಪ್ರಶ್ನೆಯು ನಮಗೆ ಮಾತ್ರ ಸೇರಿದುದಲ್ಲ. ಪಶ್ಚಿಮ ಆಫ್ರಿಕದ ನೈಜೀರಿಯಾ, ಘಾನಾ ದೇಶಗಳ ನಟರು ಪರಸ್ಪರರ ಚಿತ್ರಗಳಲ್ಲಿ ಅಭಿನಯಿಸುತ್ತಿರುವುದರಿಂದ ಅಲ್ಲಿಯೂ ಇದೇ ಜಿಜ್ಞಾಸೆ ಏಳುವುದು. ಬೆರಕೆಯಿಂದ ಸ್ವತ್ವವು ಅಳಿಯುವುದೆಂಬುದು ಒಂದು ಪಕ್ಷ. ಹೊರಗಿನ ಕೌಶಲವಿಲ್ಲದೆ ಏಳಿಗೆಯಿಲ್ಲವೆಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳೆಂದು ನಮ್ಮ ಅಭಿಪ್ರಾಯ. ಧನಂಜಯನು ದಶರೂಪಕದಲ್ಲಿ ವಸ್ತು, ನೇತೃ, ರಸ ಎಂಬ ಮೂರರಿಂದ ರೂಪಕಗಳ ಭೇದವನ್ನು ಹೇಳಿರುವನು. ಹಣ, ಯಂತ್ರ, ಶಿಲ್ಪಿಗಳು ಈ ಮೂರರಲ್ಲಿ ಸೇರುವುದಿಲ್ಲ, ಅವು ಉಪಕರಣಗಳು. ಈ ವಿವೇಕವನ್ನಿಟ್ಟುಕೊಂಡು ಮೂರು ನಿದರ್ಶನಗಳನ್ನು ಪರಿಶೀಲಿಸೋಣ.

ಮೊದಲನೆಯದು, 1934ರ ಮಾರ್ಚಿ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತೀ ಸುಲೋಚನ’. ಬಂಡವಾಳವನ್ನು ಹೂಡಿದವರು ಚಮನ್‌ಲಾಲ್ ಡೂಂಗಾಜಿಯವರು. ನಿರ್ದೇಶಕರು ತೆಲುಗಿನ ವೈ. ವಿ. ರಾಯರು, ಚಿತ್ರೀಕರಣವು ನಡೆದುದು ಮರಾಠಿ ಸೀಮೆಯ ಕೊಲ್ಹಾಪುರದಲ್ಲಿ. ಆದರೆ ಮಾತುಗಳನ್ನೂ ಹಾಡುಗಳನ್ನೂ ರಚಿಸಿದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ರಾವಣ, ಇಂದ್ರಜಿತ್ತುಗಳಾಗಿ ಅಭಿನಯಿಸಿದವರು ನಮ್ಮ ರಂಗಭೂಮಿಯಲ್ಲಿ ಪಳಗಿದ ಆರ್. ನಾಗೇಂದ್ರರಾಯರು ಮತ್ತು ಸುಬ್ಬಯ್ಯನಾಯುಡುಗಳು. ಉಪಕರಣವು ಪರರದಾದರೂ ವಾಣಿಯು ಕನ್ನಡಿಗರದು. ಆ ನೆರವು ಇಲ್ಲದಿದ್ದರೆ ಕನ್ನಡದ ವಾಕ್ಚಿತ್ರವು ಅಂದು ಹುಟ್ಟುತ್ತಿರಲಿಲ್ಲ.

ಎರಡನೆಯದು, 1970ರ ‘ಸಂಸ್ಕಾರ’. ನಿರ್ದೇಶಕರಾದ ಪಟ್ಟಾಭಿರಾಮರೆಡ್ಡಿಯವರು ತೆಲುಗು ಕವಿಗಳು. ಛಾಯಾಗ್ರಾಹಕನಾದ ಟಾಮ್ ಕೋವನ್ ಆಸ್ಟ್ರೇಲಿಯದವನು. ವಸ್ತುವಾದರೋ ಯು. ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಕಾದಂಬರಿಯದು. ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯನ ಪಾತ್ರವನ್ನು ವಹಿಸಿದವರು ಗಿರೀಶ ಕಾರ್ನಾಡರು. ಮಲೆನಾಡಿನ ಅಗ್ರಹಾರವನ್ನು ಹೊರಗಿನವನ ಕಣ್ಣು ನೋಡಿತು. ಆದರೆ ಏನನ್ನು ನೋಡಬೇಕೆಂಬುದನ್ನು ಕನ್ನಡದ ಕೃತಿಯೇ ನಿರ್ಣಯಿಸಿತು. ಮೊದಲು ಸೆನ್ಸಾರಿನವರ ತಡೆಗೆ ಗುರಿಯಾಗಿದ್ದ ಈ ಚಿತ್ರವೇ ಅನಂತರ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ಶಾಸ್ತ್ರಾಧ್ಯಯನದಲ್ಲಿಯೇ ಬೆಳೆದ ನಮ್ಮಂತಹವರಿಗೆ ಆ ಕಥೆಯ ಪ್ರಶ್ನೆಗಳು ಸುಖಕರವಲ್ಲ. ಆದರೂ ಅದರ ಗುಣವನ್ನು ಅಲ್ಲಗಳೆಯಲಾಗದು.

ಮೂರನೆಯದು ನಮ್ಮ ನೆರೆಯದೇ. 2018ರ ಡಿಸೆಂಬರ್ 21ರಂದು ಬಿಡುಗಡೆಯಾದ ‘ಕೆ.ಜಿ.ಎಫ್’ ಚಿತ್ರದ ಕೆಲವು ಭಾಗಗಳು ಗಣಿಯ ಸಯನೈಡ್ ದಿಬ್ಬಗಳ ಮೇಲೆಯೇ ಚಿತ್ರಿತವಾದುವು. ಪ್ರಶಾಂತ ನೀಲರು ನಿರ್ದೇಶಿಸಿದ ಈ ಚಿತ್ರವು ಕನ್ನಡವಲ್ಲದೆ ತೆಲುಗು, ತಮಿಳು, ಮಲಯಾಳ, ಹಿಂದಿಗಳಲ್ಲಿಯೂ ತೆರೆಕಂಡಿತು. ಸಾಹಸದೃಶ್ಯಗಳ ಸಂಯೋಜನೆಗಾಗಿ ತಮಿಳು ಚಿತ್ರರಂಗದ ಅನ್ಬರಿವ್ ಸಹೋದರರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಇಲ್ಲಿ ಗತಿಯು ತಿರುಗಿತು: ಹಿಂದೆ ಕೊಲ್ಹಾಪುರವನ್ನು ಅರಸಿ ಹೋಗಿದ್ದ ಕನ್ನಡ ಚಿತ್ರವು ತಾನೇ ಪರಪ್ರಾಂತದ ಕುಶಲರನ್ನು ಕರೆಯಿಸಿಕೊಂಡು ಹೊರನಾಡುಗಳಿಗೆ ನಡೆಯಿತು. ಇದು ಅಭಿಮಾನದ ಸಂಗತಿಯೇ ಸರಿ.

ಆದರೆ ವಸ್ತುವನ್ನು ಒರೆಗೆ ಹಚ್ಚಿದರೆ ಬೇರೊಂದು ಬಣ್ಣ ತೋರುವುದು. ಆ ಕಥೆಯು ಕಲ್ಪಿತ. ಗಣಿಯು ಅದಕ್ಕೆ ಹೆಸರನ್ನೂ ನೆಲವನ್ನೂ ಕೊಟ್ಟಿತು, ಚರಿತ್ರೆಯನ್ನು ಕೊಡಲಿಲ್ಲ. ಕಲ್ಪನೆಗೆ ಕವಿಯು ಅಧಿಕಾರಿ. ಆದುದರಿಂದ ಇದು ದೋಷವಲ್ಲ. ಆದರೂ ಭೂಮಿಯ ಕೆಳಗೆ ಮೈಲಿಗಟ್ಟಲೆ ಆಳದಲ್ಲಿ ದುಡಿದವರ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಜೀವನೋಪಾಯವನ್ನು ಕಳೆದುಕೊಂಡವರ ಕಥೆಯನ್ನು ಹೊರನಾಡಿನ ಪ್ರೇಕ್ಷಕರು ಈ ಹೆಸರಿನಿಂದ ತಿಳಿಯಲಾರರು. ಅವರಿಗೆ ಇನ್ನು ಮೇಲೆ ಆ ಮೂರಕ್ಷರಗಳು ಕಲ್ಪಿತ ಕಥೆಯನ್ನೇ ನೆನಪಿಗೆ ತರುವುವು. ಹೆಸರು ಉಳಿದು ಅರ್ಥವು ಜಾರುವುದೆಂದರೆ ಇದೇ.

ಆದುದರಿಂದ ನಮ್ಮ ನಿರ್ಣಯವಿದು: ಉಪಕರಣವು ಎಲ್ಲಿಂದ ಬಂದರೂ ಹಾನಿಯಿಲ್ಲ, ಅದನ್ನು ಬೇಡವೆನ್ನುವುದು ಅವಿವೇಕ. ಆದರೆ ಅದು ವಸ್ತುವಿನ ಸ್ಥಾನವನ್ನು ತುಂಬಲಾರದು. ಗಣಿಯ ದುಡಿಮೆಯ ಕಥೆಯಲ್ಲಿ ಮೂರು ಭಾಷೆಗಳೂ ಸೇರಿವೆ; ಅದನ್ನು ಹೇಳುವುದಕ್ಕೂ ಮೂರು ನಾಡಿನವರ ಸಹಯೋಗವೇ ಬೇಕಾದೀತು. ಇಂದು ಉಪಕರಣಗಳು ಸಿದ್ಧವಾಗಿವೆ. ದುಡಿದವರಲ್ಲಿ ಹಲವರು ಇನ್ನೂ ಬದುಕಿರುವರು. ಅವರ ಮಾತನ್ನು ಬರೆದಿಡುವ ಕೆಲಸವು ನಮ್ಮ ಸಾಹಿತ್ಯೋಪಾಧ್ಯಾಯರಿಂದಲೂ ಅವರ ವಿದ್ಯಾರ್ಥಿಗಳಿಂದಲೂ ಮೊದಲಾಗಲೆಂದು ಪ್ರಾರ್ಥಿಸಿ ವಿರಮಿಸುವೆನು.