ಕೊಟ್ಟ ಮಾತು, ಬದಲಾದ ನೀತಿ: ಸರ್ ರಾಬರ್ಟ್ ಪೀಲನ ರಾಜಕೀಯ ನಡತೆ

ಆಡಿದ ಮಾತನ್ನು ನಡೆಸುವುದು ಸಜ್ಜನಿಕೆಯ ಮೊದಲ ಲಕ್ಷಣವೆಂದು ಲೋಕವು ಬಗೆದಿದೆ. ಆದರೆ ರಾಜ್ಯಭಾರವನ್ನು ಹೊತ್ತವನ ಮುಂದೆ ಕೆಲವೊಮ್ಮೆ ಕಠಿನವಾದ ಪ್ರಶ್ನೆಯೊಂದು ಬಂದು ನಿಲ್ಲುತ್ತದೆ. ತಾನು ಹಿಂದೆ ಆಡಿದ ಮಾತು ಪ್ರಜೆಗಳ ಹಿತಕ್ಕೆ ವಿರುದ್ಧವೆಂದು ಕಂಡುಬಂದಾಗ ಅವನು ಮಾತನ್ನು ಉಳಿಸಿಕೊಳ್ಳಬೇಕೆ, ಪ್ರಜೆಗಳ ಹಿತವನ್ನು ಕಾಯಬೇಕೆ? ಮಾತನ್ನು ಬಿಡುವುದಾದರೆ, ಅದನ್ನು ನಂಬಿ ತನ್ನನ್ನು ಆರಿಸಿ ಕಳುಹಿಸಿದವರಿಗೆ ಅವನು ಸಲ್ಲಿಸಬೇಕಾದುದೇನು? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಎರಡು ಬಾರಿ ಎದುರಿಸಿದವನು ಸರ್ ರಾಬರ್ಟ್ ಪೀಲ್ (1788–1850). ಎರಡು ಬಾರಿಯೂ ಅವನು ನೀತಿಯನ್ನು ಬದಲಿಸಿದನು. ಎರಡು ಬಾರಿಯೂ ತನ್ನವರಿಂದಲೇ ದ್ರೋಹಿಯೆನಿಸಿಕೊಂಡನು. ಆದರೆ ಎರಡು ಸಂದರ್ಭಗಳಲ್ಲಿ ಅವನು ನಡೆದುಕೊಂಡ ರೀತಿ ಒಂದೇ ಆಗಿರಲಿಲ್ಲ.

ಪೀಲನು ಲ್ಯಾಂಕಾಷೈರಿನ ಶ್ರೀಮಂತ ಹತ್ತಿಬಟ್ಟೆಯ ಉದ್ಯಮಿಯೊಬ್ಬನ ಮಗ. 1809ರಲ್ಲಿಯೇ ಪಾರ್ಲಿಮೆಂಟನ್ನು ಪ್ರವೇಶಿಸಿ, 1812ರಿಂದ 1818ರವರೆಗೆ ಐರ್ಲೆಂಡಿನ ಆಡಳಿತವನ್ನು ನೋಡಿಕೊಂಡನು. ಆ ಕಾಲದಲ್ಲಿ ಕ್ಯಾಥೊಲಿಕರು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಐರ್ಲೆಂಡಿನ ಬಹುಸಂಖ್ಯಾತರು ಆ ಮತದವರೇ ಆಗಿದ್ದರೂ ಶಾಸನಸಭೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಈ ನಿರ್ಬಂಧವು ಉಳಿಯಬೇಕೆಂದು ವಾದಿಸಿದವರಲ್ಲಿ ಪೀಲನೇ ಅಗ್ರಗಣ್ಯ. ಆ ಕಾರಣದಿಂದಲೇ 1817ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ತನ್ನ ಪ್ರತಿನಿಧಿಯನ್ನಾಗಿ ಅವನನ್ನು ಆರಿಸಿತು.

1828ರಲ್ಲಿ ಪರಿಸ್ಥಿತಿಯು ಬದಲಾಯಿತು. ಐರ್ಲೆಂಡಿನ ಕ್ಲೇರ್ ಕ್ಷೇತ್ರದಲ್ಲಿ ಕ್ಯಾಥೊಲಿಕ್ ನಾಯಕನಾದ ಡೇನಿಯಲ್ ಓಕಾನಲನು ಚುನಾವಣೆಗೆ ನಿಂತು ಗೆದ್ದನು. ಗೆದ್ದವನಿಗೆ ಪೀಠವನ್ನು ನಿರಾಕರಿಸಿದರೆ ಅಂತರ್ಯುದ್ಧವೇ ಸಂಭವಿಸಬಹುದೆಂಬ ಭೀತಿಯು ಹುಟ್ಟಿತು. ಆಗ ಪ್ರಧಾನಿಯಾಗಿದ್ದವನು ವೆಲಿಂಗ್ಟನ್. 1799ರ ಶ್ರೀರಂಗಪಟ್ಟಣದ ಯುದ್ಧಕಾಲದಿಂದ ಕನ್ನಡಿಗರಿಗೆ ಪರಿಚಿತನಾದ ವೆಲ್ಲೆಸ್ಲಿಯೇ ಇವನು. ಅವನ ಸರ್ಕಾರದಲ್ಲಿ ಗೃಹಮಂತ್ರಿಯಾಗಿದ್ದ ಪೀಲನು, ತಾನು ಹನ್ನೆರಡು ವರ್ಷಗಳಿಗೂ ಮಿಕ್ಕು ವಿರೋಧಿಸಿದ್ದ ವಿಮೋಚನೆಯನ್ನು ತಾನೇ ಸಭೆಯ ಮುಂದಿಡಲು ಒಪ್ಪಿದನು.

ಇಲ್ಲಿ ಅವನು ಮಾಡಿದ ಕಾರ್ಯವೊಂದು ಗಮನಾರ್ಹವಾದುದು. ತನ್ನ ಅಭಿಪ್ರಾಯವು ಬದಲಾಗಿದೆಯೆಂದು ವಿಶ್ವವಿದ್ಯಾನಿಲಯಕ್ಕೆ ಪತ್ರಮುಖೇನ ತಿಳಿಸಿ, ಸದಸ್ಯತ್ವಕ್ಕೆ ರಾಜೀನಾಮೆಯಿತ್ತನು. ಹಾಗೆ ಮಾಡಬೇಕೆಂಬ ಕಾನೂನು ಯಾವುದೂ ಇರಲಿಲ್ಲ. ಹಳೆಯ ಮಾತನ್ನು ನಂಬಿ ಆರಿಸಿದವರ ಮುಂದೆ ಹೊಸ ಮಾತನ್ನು ಹೊತ್ತು ಅವನು ಮತ್ತೆ ನಿಂತನು. ಪರಿಣಾಮವಾಗಿ 1829ರ ಫೆಬ್ರವರಿಯ ಉಪಚುನಾವಣೆಯಲ್ಲಿ ಎದುರಾಳಿಯಾದ ಸರ್ ರಾಬರ್ಟ್ ಇಂಗ್ಲಿಸನಿಗೆ 755 ಮತಗಳೂ ಪೀಲನಿಗೆ 609 ಮತಗಳೂ ಬಂದವು. ಮತದಾರರು ಅವನನ್ನು ನಿರಾಕರಿಸಿದರು.

ಈ ಪ್ರಸಂಗಕ್ಕೆ ಇನ್ನೊಂದು ಮುಖವೂ ಉಂಟು. ಸೋತ ಪೀಲನು ಕೆಲವೇ ದಿನಗಳಲ್ಲಿ ವೆಸ್ಟ್‌ಬರಿ ಎಂಬ ಪುಟ್ಟ ಕ್ಷೇತ್ರದಿಂದ ಸಭೆಗೆ ಮರಳಿದನು. ಆ ಕ್ಷೇತ್ರವು ಸರ್ ಮನಾಸೆ ಲೋಪೆಸ್ ಎಂಬ ಧನಿಕನ ಹಿಡಿತದಲ್ಲಿದ್ದಿತು. ಇದೇ ಲೋಪೆಸನು ಹತ್ತು ವರ್ಷಗಳ ಹಿಂದೆ, 1819ರಲ್ಲಿ, ಬೇರೊಂದು ಕ್ಷೇತ್ರದ ಮತದಾರರಿಗೆ ಲಂಚವಿತ್ತ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆಗೆ ಗುರಿಯಾಗಿದ್ದವನು. ಆತ್ಮಗೌರವಕ್ಕಾಗಿ ಪೀಠವನ್ನು ತೊರೆದವನು, ಲಂಚಗುಳಿಯೆಂದು ಶಿಕ್ಷಿತನಾದವನ ಕೃಪೆಯಿಂದ ಮತ್ತೊಂದು ಪೀಠವನ್ನು ಪಡೆದನು. ವಿಮೋಚನೆಯ ಮಸೂದೆಯು 1829ರ ಏಪ್ರಿಲ್‌ನಲ್ಲಿ ಶಾಸನವಾಯಿತು. ವ್ಯಕ್ತಿಯ ನಡತೆಯು ಎಷ್ಟೇ ಶುದ್ಧವಾಗಿರಲಿ, ಅವನು ಆಶ್ರಯಿಸಿದ ವ್ಯವಸ್ಥೆಯ ಮಲಿನತೆ ಅವನನ್ನು ಸೋಂಕದೆ ಬಿಡುವುದಿಲ್ಲವೆಂಬುದಕ್ಕೆ ಈ ಘಟನೆಯು ನಿದರ್ಶನವಾಗಿದೆ.

ಎರಡನೆಯ ಪರಿವರ್ತನೆಯು ಇದಕ್ಕಿಂತಲೂ ಘನವಾದುದು. 1815ರ ಧಾನ್ಯ ಕಾಯಿದೆಯು ಸ್ವದೇಶದಲ್ಲಿ ಗೋದಿಯ ಬೆಲೆ ಕ್ವಾರ್ಟರ್ ಒಂದಕ್ಕೆ 80 ಷಿಲಿಂಗುಗಳನ್ನು ಮುಟ್ಟುವವರೆಗೆ ವಿದೇಶೀ ಗೋದಿಯ ಮಾರಾಟವನ್ನು ತಡೆದಿದ್ದಿತು. 1828ರಲ್ಲಿ ಈ ತಡೆಯು ಸುಂಕದ ರೂಪವನ್ನು ತಳೆಯಿತು. ಇದರಿಂದ ಭೂಮಾಲಿಕರಿಗೆ ಲಾಭ, ಬಡವರಿಗೆ ತುಟ್ಟಿಯಾದ ರೊಟ್ಟಿ. ಕಾಬ್ಡನ್ ಮತ್ತು ಬ್ರೈಟರು ಮ್ಯಾಂಚೆಸ್ಟರಿನಿಂದ ಈ ಕಾಯಿದೆಯ ವಿರುದ್ಧ ಚಳವಳಿಯನ್ನು ಹೂಡಿದರು. 1841ರ ಚುನಾವಣೆಯಲ್ಲಿ ಪೀಲನ ಪಕ್ಷವು ಗೆದ್ದುದು ಬಹುಮಟ್ಟಿಗೆ ಭೂಮಾಲಿಕರ ಬೆಂಬಲದಿಂದ. ಸುಂಕದ ರಕ್ಷಣೆ ಉಳಿಯುವುದೆಂಬುದು ಅವರ ನಂಬಿಕೆ. ವಾಣಿಜ್ಯನೀತಿಯನ್ನು ಅಭ್ಯಸಿಸಿದಂತೆಲ್ಲ ಪೀಲನ ಮನಸ್ಸು ಆ ನಂಬಿಕೆಯಿಂದ ದೂರ ಸರಿಯುತ್ತಿದ್ದಿತು. 1845ರ ಶರತ್ಕಾಲದಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಗೆ ರೋಗ ತಗಲಿ, ಬಡಜನರ ಏಕಮಾತ್ರ ಆಹಾರವು ನೆಲದಲ್ಲಿಯೇ ಕೊಳೆಯತೊಡಗಿತು. ಜನರು ಉಪವಾಸ ಬೀಳುತ್ತಿರುವಾಗ ಧಾನ್ಯಕ್ಕೆ ಸುಂಕ ಹೇರುವುದನ್ನು ಸಮರ್ಥಿಸಲು ಅವನಿಂದಾಗಲಿಲ್ಲ.

ಮಂತ್ರಿಮಂಡಲದಲ್ಲಿ ಒಮ್ಮತ ದೊರೆಯದೆ ಡಿಸೆಂಬರಿನಲ್ಲಿ ಪೀಲನು ರಾಜೀನಾಮೆಯಿತ್ತನು. ವಿರೋಧಪಕ್ಷದ ರಸೆಲನು ಸರ್ಕಾರ ರಚಿಸಲಾರದೆ ಹೋದಾಗ ಅವನೇ ಮರಳಿ ಅಧಿಕಾರ ವಹಿಸಿಕೊಳ್ಳಬೇಕಾಯಿತು. 1846ರ ಮೇ ತಿಂಗಳಲ್ಲಿ ಸುಂಕ ರದ್ದಿಯಾತಿಯ ಮಸೂದೆಯು ಕಾಮನ್ಸ್ ಸಭೆಯಲ್ಲಿ 327ಕ್ಕೆ 229 ಮತಗಳಿಂದ ಅಂಗೀಕೃತವಾಯಿತು. ಪೀಲನ ಪಕ್ಷದವರಲ್ಲಿ ಅವನನ್ನು ಅನುಸರಿಸಿದವರು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಉಳಿದ ಬಲವೆಲ್ಲ ವಿರೋಧಪಕ್ಷದ್ದು. ಜೂನ್ 25ರಂದು ಲಾರ್ಡ್ಸ್ ಸಭೆಯೂ ಮಸೂದೆಯನ್ನು ಒಪ್ಪಿತು. ಅದೇ ರಾತ್ರಿ ಐರ್ಲೆಂಡಿಗೆ ಸಂಬಂಧಿಸಿದ ಮತ್ತೊಂದು ಮಸೂದೆಯ ಮೇಲೆ, ಸ್ವಪಕ್ಷದ ಅತೃಪ್ತರು ಎದುರಾಳಿಗಳೊಡನೆ ಕೂಡಿ, 292ಕ್ಕೆ 219 ಮತಗಳಿಂದ ಅವನನ್ನು ಸೋಲಿಸಿದರು. ಅಧಿಕಾರವನ್ನು ತ್ಯಜಿಸುವಾಗ ಪೀಲನು ಈ ಸುಧಾರಣೆಯ ಕೀರ್ತಿಯನ್ನು ತನ್ನ ಹೆಸರಿಗೆ ಸೇರಿಸಿಕೊಳ್ಳದೆ, ಬಹುಕಾಲ ತನ್ನನ್ನು ಟೀಕಿಸಿದ್ದ ಕಾಬ್ಡನನಿಗೆ ಸಲ್ಲಿಸಿದನು. ಮತ್ತೆಂದೂ ಅವನು ಮಂತ್ರಿಯಾಗಲಿಲ್ಲ. ಒಡೆದ ಪಕ್ಷವು 1874ರವರೆಗೆ ಸ್ವಂತ ಬಹುಮತದ ಸರ್ಕಾರವನ್ನು ಕಾಣಲಿಲ್ಲ.

ಆದರೂ ಡಿಸ್ರೇಲಿ ಮೊದಲಾದವರ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1829ರಲ್ಲಿ ಮತದಾರರ ಮುಂದೆ ಹೋದವನು 1846ರಲ್ಲಿ ಏಕೆ ಹೋಗಲಿಲ್ಲ? ಸಭೆಯನ್ನು ವಿಸರ್ಜಿಸಿ ಜನಾಭಿಪ್ರಾಯವನ್ನು ಏಕೆ ಕೇಳಲಿಲ್ಲ? ಹಸಿವು ಚುನಾವಣೆಗಾಗಿ ಕಾಯುವುದಿಲ್ಲವೆಂಬ ಉತ್ತರದಲ್ಲಿ ಸತ್ಯಾಂಶವಿದೆ. ಆದರೆ ಸುಂಕವು ಹಂತಹಂತವಾಗಿ ಇಳಿದು ನಾಮಮಾತ್ರಕ್ಕೆ ಬಂದುದು 1849ರಲ್ಲಿ. ಅಷ್ಟರಲ್ಲಿ ಐರ್ಲೆಂಡಿನಲ್ಲಿ ಲಕ್ಷಾಂತರ ಜನರು ಕ್ಷಾಮಕ್ಕೆ ಬಲಿಯಾಗಿದ್ದರು. ನಂಬಿದವರಿಗೆ ಲೆಕ್ಕ ಒಪ್ಪಿಸುವ ವಿಷಯದಲ್ಲಿ ಪೀಲನ ಮೊದಲ ನಡೆಯು ಎರಡನೆಯದಕ್ಕಿಂತ ಮೇಲಾದುದೆಂದೇ ಹೇಳಬೇಕಾಗುತ್ತದೆ.

ಭಾರತದಲ್ಲಿ ಪಕ್ಷಾಂತರದ ಪಿಡುಗನ್ನು ತಡೆಯಲು 1985ರಲ್ಲಿ ಸಂವಿಧಾನದ ಐವತ್ತೆರಡನೆಯ ತಿದ್ದುಪಡಿಯಾಗಿ, ಪಕ್ಷದ ಆದೇಶವನ್ನು ಮೀರಿ ಮತ ನೀಡಿದ ಸದಸ್ಯನು ಸ್ಥಾನ ಕಳೆದುಕೊಳ್ಳುವ ನಿಯಮವು ಬಂದಿತು. ಪಕ್ಷದ ಮೂರನೆಯ ಒಂದು ಭಾಗ ಪ್ರತ್ಯೇಕವಾದರೆ ಇದ್ದ ವಿನಾಯಿತಿಯನ್ನು 2003ರ ತಿದ್ದುಪಡಿಯು ತೆಗೆದುಹಾಕಿತು. ಇಂತಹ ನಿಯಮವು 1846ರ ಇಂಗ್ಲೆಂಡಿನಲ್ಲಿದ್ದು, ಆದೇಶಾಧಿಕಾರವು ನಾಯಕನದಾಗಿದ್ದರೆ, ಪೀಠ ಕಳೆದುಕೊಳ್ಳುತ್ತಿದ್ದವರು ಮತದಾರರಿಗೆ ಕೊಟ್ಟ ಮಾತಿಗೆ ಅಂಟಿಕೊಂಡ ಸದಸ್ಯರೇ ಹೊರತು ಮಾತು ಬದಲಿಸಿದ ಪ್ರಧಾನಿಯಲ್ಲ. ಸದಸ್ಯನು ಪಕ್ಷಕ್ಕೆ ತಪ್ಪಿದರೆ ಶಿಕ್ಷೆಯುಂಟು. ಪಕ್ಷವೇ ಪ್ರಜೆಗಳಿಗೆ ತಪ್ಪಿದರೆ ಕೇಳುವ ಕಾನೂನಿಲ್ಲ. ಆ ಎಡೆಯನ್ನು ತುಂಬಬೇಕಾದುದು ಆಳುವವರ ಅಂತಸ್ಸಾಕ್ಷಿ ಮತ್ತು ಆರಿಸಿದವರ ಎಚ್ಚರ.

ಪೀಲನು 1850ರ ಜುಲೈ 2ರಂದು, ಕುದುರೆಯಿಂದ ಬಿದ್ದ ಮೂರನೆಯ ದಿನ, ತೀರಿಕೊಂಡನು. ವಿಮೋಚನೆ ಮತ್ತು ಧಾನ್ಯ ಕಾಯಿದೆಗಳ ವಿಷಯದಲ್ಲಿ ತಾನೇಕೆ ಬದಲಾದೆನೆಂಬುದನ್ನು ಪತ್ರಗಳ ಸಹಿತ ಬರೆದಿರಿಸಿದ್ದ ಅವನ ಸ್ಮರಣ ಲೇಖನಗಳು ಮರಣಾನಂತರ, 1856–57ರಲ್ಲಿ, ಪ್ರಕಟವಾದವು. ಬದಲಾದುದನ್ನು ಅವನು ಮರೆಮಾಚಲಿಲ್ಲ. ಮೊದಲಿನಿಂದಲೂ ತನ್ನ ಅಭಿಪ್ರಾಯ ಇದೇ ಆಗಿತ್ತೆಂದು ಸಾಧಿಸಲೂ ಇಲ್ಲ. ಕಾರಣಗಳನ್ನು ಮುಂದಿನವರ ವಿಚಾರಣೆಗೆ ಒಪ್ಪಿಸಿ ಹೋದನು.