ಯೂಸುಫರ ಗಿಟಾರು

1995ರಲ್ಲಿ ಬೋಸ್ನಿಯಾದ ವಿದೇಶಾಂಗ ಮಂತ್ರಿ ಇರ್ಫಾನ್ ಲ್ಯುಬಿಯಾಂಕಿಚ್ ಲಂಡನ್ನಿನಲ್ಲಿ ಯೂಸುಫ್ ಇಸ್ಲಾಮ್ ಅವರ ಕೈಗೆ ಒಂದು ಕ್ಯಾಸೆಟ್ ಕೊಟ್ಟರು. ತೋಪುಗಳಿಲ್ಲದ ಜನರ ಹಾಡು ಅದು, ಮಂತ್ರಿಯೇ ಕಟ್ಟಿದ್ದು. ಅದೇ ಮೇ ತಿಂಗಳಲ್ಲಿ ಅವರ ಹೆಲಿಕಾಪ್ಟರನ್ನು ಶತ್ರುಗಳು ಹೊಡೆದುರುಳಿಸಿದರು. ಕ್ಯಾಸೆಟ್ ಉಳಿಯಿತು. ಹಾಡನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದ ಮನುಷ್ಯನ ಮನೆಯಲ್ಲಿ ಉಳಿಯಿತು.

ಅವರು ಬಿಟ್ಟದ್ದು ಸಣ್ಣ ಹಾಡುಗಾರಿಕೆಯನ್ನಲ್ಲ. ಸೈಪ್ರಸ್ಸಿನ ಗ್ರೀಕ್ ತಂದೆ, ಸ್ವೀಡನ್ನಿನ ತಾಯಿ, ಲಂಡನ್ನಿನಲ್ಲಿ ಮನೆಯವರದೇ ಹೋಟೆಲು. ಆ ಮನೆಯ ಹುಡುಗ ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಿನಲ್ಲಿ 1967ಕ್ಕೆಲ್ಲ ಪ್ರಸಿದ್ಧನಾಗಿದ್ದ. ಆಮೇಲೆ ಕ್ಷಯ ಹಿಡಿದು ತಿಂಗಳುಗಟ್ಟಲೆ ಮಲಗಿದ. ಎದ್ದು ಬಂದವನ ಹಾಡು ಬೇರೆಯೇ ಆಗಿತ್ತು. 1970ರ 'ಟೀ ಫಾರ್ ದ ಟಿಲ್ಲರ್‌ಮನ್' ಕೇಳಿದವರಿಗೆ ಗೊತ್ತು, ಅಲ್ಲಿ ಅಬ್ಬರವಿಲ್ಲ, ಹುಡುಕಾಟವಿದೆ. ಅಣ್ಣ ಜೆರುಸಲೇಮಿನಿಂದ ತಂದುಕೊಟ್ಟ ಕುರ್‌ಆನಿನಲ್ಲಿ ಸಂತೆಯ ಸರಕಾಗಿ ಮಾರಾಟವಾದ ಯೂಸುಫರ ಕತೆ ಓದಿದಾಗ ಅವನಿಗೆ ತನ್ನದೇ ಪಾಡು ಕಂಡಿತಂತೆ. 1977ರಲ್ಲಿ ಇಸ್ಲಾಮ್ ಸ್ವೀಕರಿಸಿ, ಆ ಹೆಸರನ್ನೇ ಇಟ್ಟುಕೊಂಡರು. ಗಿಟಾರುಗಳನ್ನು ಮಾರಿ ಹಣವನ್ನು ದಾನಕ್ಕೆ ಕೊಟ್ಟರು. 1983ರಲ್ಲಿ ಮಕ್ಕಳಿಗಾಗಿ ಶಾಲೆ ತೆರೆದರು.

ವಾದ್ಯ ಹರಾಮೋ ಅಲ್ಲವೋ ಎಂಬ ಜಗಳ ನಮ್ಮ ಮೊಹಲ್ಲಾದವರಿಗೆ ಹೊಸದಲ್ಲ. ಮದುವೆಮನೆಯಲ್ಲಿ ದಫ್ ಬಾರಿಸಿದರೆ ಸುಮ್ಮನಿರುವ ಹಿರಿಯರು ಹಾರ್ಮೋನಿಯಂ ಕಂಡೊಡನೆ ಎದ್ದು ಹೋಗುವುದನ್ನು ನಾನೇ ನೋಡಿದ್ದೇನೆ. ಯೂಸುಫರೂ ಆ ಹಿರಿಯರ ಕಡೆಗೇ ನಿಂತಿದ್ದರು. 1989ರ ರಶ್ದಿ ವಿವಾದದಲ್ಲಿ ಅವರಾಡಿದ ಮಾತುಗಳಂತೂ ಅವರ ಹಳೆಯ ಅಭಿಮಾನಿಗಳನ್ನು ನೋಯಿಸಿದವು. ತಮ್ಮನ್ನು ತಪ್ಪಾಗಿ ಅರ್ಥೈಸಲಾಯಿತು ಎಂದು ಅವರು ಹೇಳುತ್ತ ಬಂದರು. ಆದರೂ ಆ ಕಲೆ ಪೂರ್ತಿ ಹೋಗಿಲ್ಲ, ಮುಚ್ಚಿಡುವುದರಲ್ಲಿ ಅರ್ಥವೂ ಇಲ್ಲ.

ಮುತ್ತಿಗೆಯೊಳಗಿದ್ದ ಬೋಸ್ನಿಯಾದ ಜನಕ್ಕೆ ಹಾಡು ವಿಲಾಸವಾಗಿರಲಿಲ್ಲ, ಉಸಿರಾಗಿತ್ತು. ಯೂಸುಫರ ನಿಲುವನ್ನು ಅಲುಗಿಸಿದ್ದು ಫತ್ವಾಗಳಲ್ಲ, ಇದು. ಮಂತ್ರಿಯ ಆ ಹಾಡಿನ ಹೆಸರಿನಲ್ಲೇ ಅವರು ಒಂದು ಆಲ್ಬಮ್ ಹೊರತಂದರು. ಆಮೇಲೆ ಮಗ ಒಂದು ಗಿಟಾರನ್ನು ಮನೆಗೆ ತಂದಿಟ್ಟ. ಒಂದು ಮುಂಜಾನೆ ಫಜ್ರ್ ನಮಾಜು ಮುಗಿಸಿ ಬಂದ ತಂದೆ, ಯಾರೂ ಇಲ್ಲದಾಗ ಅದನ್ನು ಕೈಗೆತ್ತಿಕೊಂಡರು. ಬೆರಳುಗಳು ಮರೆತಿರಲಿಲ್ಲ.

2004ರಲ್ಲಿ ಅಮೆರಿಕ ಅವರಿದ್ದ ವಿಮಾನವನ್ನೇ ಬೇರೆಡೆಗೆ ತಿರುಗಿಸಿ, ಅವರನ್ನು ವಾಪಸು ಕಳಿಸಿತು. 2006ರಲ್ಲಿ 'ಆ್ಯನ್ ಅದರ್ ಕಪ್' ಬಂತು, 28 ವರ್ಷಗಳ ನಂತರದ ಪಾಪ್ ಆಲ್ಬಮ್. ತಾವೇಕೆ ಇನ್ನೂ ಗಿಟಾರು ಹಿಡಿದಿದ್ದೇವೆಂದು ಮುಸ್ಲಿಮ್ ಓದುಗರಿಗೆ ವಿವರಿಸಲು 2014ರಲ್ಲಿ ಒಂದು ಪುಸ್ತಕವನ್ನೇ ಬರೆದರು. 2023ರ ಜೂನ್‌ನಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿ, ಗ್ಲಾಸ್ಟನ್‌ಬರಿಯ ವೇದಿಕೆಯಲ್ಲಿ ಬಿಳಿಗಡ್ಡದ ಯೂಸುಫ್ ಕ್ಯಾಟ್ ಸ್ಟೀವನ್ಸನ ಹಾಡುಗಳನ್ನು ಹಾಡುತ್ತಿದ್ದರು.