ಕಾರ್ ರೇಡಿಯೊದೊಳಗಿನ ಚಟಪಟ

ಎಂಜಿನ್ ಚಾಲೂ ಆದೊಡನೆ ಹಾಡಿನ ಹಿಂದೆ ಕುಂಯ್ ಎನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಸ್ವರ ಏರುತ್ತದೆ. ಗಿರಾಕಿಗಳು ಹೊಸ ಸೆಟ್ಟೇ ಕೆಟ್ಟಿದೆ ಅನ್ನುತ್ತಾರೆ. ಕಾರಿನ ವೈರಿಂಗ್ ಕೆಲಸದಲ್ಲೇ ಕೂದಲು ನರೆತವನು ನಾನು. ಈ ಕಾಟ ಕಾರ್ ರೇಡಿಯೊದಷ್ಟೇ ಹಳೆಯದು.

1930ರಲ್ಲಿ ಷಿಕಾಗೊದ ಪಾಲ್ ಗಾಲ್ವಿನ್ ಕಾರಿಗೆ ರೇಡಿಯೊ ಕೂರಿಸಲು ಹೊರಟಾಗ, ವಿಲಿಯಂ ಲಿಯರ್ ಮತ್ತು ಎಲ್ಮರ್ ವೇವರಿಂಗ್ ಎಂಬ ಯುವಕರನ್ನು ಸತಾಯಿಸಿದ್ದು ಇದೇ ಗದ್ದಲ. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ರೇಡಿಯೊ ಅಲೆಗಳನ್ನು ಚೆಲ್ಲುತ್ತದೆ, ಏರಿಯಲ್ ಅವನ್ನೂ ಹಾಡಿನ ಜೊತೆ ಎಳೆದುಕೊಳ್ಳುತ್ತದೆ. ಅವರು ಒಂದೊಂದೇ ಮೂಲ ಹುಡುಕಿ ಅಡಗಿಸಿದರು. ಆ ಜೂನ್‌ನಲ್ಲಿ ಗಾಲ್ವಿನ್ ತಮ್ಮ ಸ್ಟುಡಿಬೇಕರ್ ಕಾರನ್ನು ಅಟ್ಲಾಂಟಿಕ್ ಸಿಟಿಯ ರೇಡಿಯೊ ಸಮಾವೇಶದ ಹೊರಗೆ ನಿಲ್ಲಿಸಿ, ಹೋಗಿಬರುವವರಿಗೆಲ್ಲ ಜೋರಾಗಿ ಕೇಳಿಸಿದರು. ಮೋಟೊರೋಲ ಎಂಬ ಹೆಸರಿನ ರೇಡಿಯೊ ಶುರುವಾದದ್ದು ಹಾಗೆ.

ನಮ್ಮ ಅಂಬಾಸಡರ್, ಫಿಯಟ್ ಕಾಲದಲ್ಲೂ ಮೀಡಿಯಂ ವೇವ್ ಆಕಾಶವಾಣಿಯ ಜೊತೆ ಅದೇ ಚಟಪಟ. ಪ್ಲಗ್ಗಿಗೆ ರೆಸಿಸ್ಟರ್ ಕ್ಯಾಪ್, ಡೈನಮೋಗೆ ಕಂಡೆನ್ಸರ್ ಹಾಕುವುದು ಮದ್ದು. ಕಂಡೆನ್ಸರಿನ ವೈರು ದಪ್ಪ ಟರ್ಮಿನಲ್ಲಿಗೇ ಹೋಗಬೇಕು, ಸಣ್ಣ ಫೀಲ್ಡ್ ಟರ್ಮಿನಲ್ಲಿಗಲ್ಲ. ಅದರ ಕ್ಲಿಪ್ ಕೂರುವ ಜಾಗದ ಪೇಂಟು, ಗ್ರೀಸು ಕೆರೆದು ಲೋಹ ಹೊಳೆದ ಮೇಲೇ ಸ್ಕ್ರೂ ಬಿಗಿಯಬೇಕು. ಈ ಶಿಸ್ತು ಕಲಿಯದ ಹುಡುಗನಿಗೆ ನಾನು ಸ್ಪ್ಯಾನರ್ ಕೊಡುತ್ತಿರಲಿಲ್ಲ.

ಆಮೇಲೆ ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂತು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಶುರುವಾಯಿತು. ಕಿಡಿಯ ಗದ್ದಲ ಎಫ್‌ಎಂಗೆ ಅಷ್ಟಾಗಿ ತಾಗದು. ಆದರೆ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಇಡುವ ಶೋಕಿ ಬೆಳೆದಂತೆ ಸದ್ದು ಬೇರೆ ದಾರಿ ಹಿಡಿಯಿತು. ಆಲ್ಟರ್ನೇಟರಿನ ಎಸಿ ಕರೆಂಟನ್ನು ಡಯೋಡುಗಳು ಡಿಸಿ ಮಾಡಿದರೂ ಸಣ್ಣ ಏರಿಳಿತ ಉಳಿದೇ ಉಳಿಯುತ್ತದೆ. ಸೆಟ್ಟಿನ ಅರ್ತ್ ಡ್ಯಾಶ್‌ಬೋರ್ಡಿನ ಹಿಂದೆ, ಆಂಪಿನ ಅರ್ತ್ ಡಿಕ್ಕಿಯಲ್ಲಿ. ಇವೆರಡರ ನಡುವೆ ಕೂದಲೆಳೆಯಷ್ಟು ವೋಲ್ಟೇಜ್ ವ್ಯತ್ಯಾಸ ಬಂದರೂ ಆ ಏರಿಳಿತ, ಸೆಟ್ಟಿನಿಂದ ಆಂಪಿಗೆ ಹಾಡು ಒಯ್ಯುವ ಆರ್‌ಸಿಎ ವೈರಿನಲ್ಲಿ ಹರಿದು ಸ್ಪೀಕರಿನಲ್ಲಿ ಕುಂಯ್‌ಗುಡುತ್ತದೆ. ಆಂಪಿನಿಂದ ಆರ್‌ಸಿಎ ಕಿತ್ತಾಗ ಸದ್ದು ನಿಂತರೆ ಅದು ಆ ವೈರಿನ ಕಡೆಯಿಂದ ಬರುತ್ತಿತ್ತು ಎಂದರ್ಥ. ನಿಲ್ಲದಿದ್ದರೆ ಆಂಪಿನ ಪವರ್, ಅರ್ತ್ ನೋಡಬೇಕು.

ಈಗ ಅಂಗಡಿಯಲ್ಲಿ ಮೊದಲು ಫಿಲ್ಟರ್ ಮಾರುತ್ತಾರೆ. ಅದು ಸದ್ದನ್ನು ಮುಚ್ಚಬಹುದು, ಮೂಲ ಹಾಗೇ ಇರುತ್ತದೆ. ದುಡ್ಡು ಕೊಡುವ ಮುನ್ನ ಅರ್ತ್ ಬೋಲ್ಟ್ ಬಿಚ್ಚಿಸಿ, ಅದರಡಿಯ ಪೇಂಟ್ ಕೆರೆಸಿ, ದಪ್ಪನೆಯ ಗಿಡ್ಡ ವೈರಿನಲ್ಲಿ ಮತ್ತೆ ಬಿಗಿಸಿ ಕೇಳಿ.